ಹಾದಿ ಹೀಗೇ ಇರಲಿ ಎನ್ನುವವರು

ಜಡ್ಕಲ್ ಆಚೆಗಿರುವ ನನ್ನ ದೊಡ್ಡಮ್ಮನ ಮನೆಗೆ ಕೊನೆಯ ಒಂದೂಕಾಲು ಕಿಲೋಮೀಟರು ರಸ್ತೆಯಿಲ್ಲ. ಕೊಲ್ಲೂರಿಗೆ ಹೋಗುವ ಡಾಂಬರು ಬಿಟ್ಟು ಒಳಗೆ ತಿರುಗಿದರೆ ಮೊದಲು ರಬ್ಬರ್ ತೋಟದ ನಡುವಿನ ಮಣ್ಣುದಾರಿ, ಆಮೇಲೆ ಮುರಕಲ್ಲಿನ ಬೋಳು ಗುಡ್ಡೆ, ಅದರಾಚೆ ಹಾಡಿಯೊಳಗೆ ಇಳಿಯುವ ಕಾಲುಹಾದಿ. ಇಳಿದು ಮುಗಿಯುವಲ್ಲಿ ಹಳ್ಳ. ಹಳ್ಳಕ್ಕೆ ಮೂರು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸಂಕ. ಅದನ್ನು ದಾಟಿದರೆ ಗದ್ದೆ, ಗದ್ದೆಯ ತಲೆಯಲ್ಲಿ ಮನೆ.

ಎರಡು ವರ್ಷದ ಹಿಂದೆ, ಬಾಕಿಯಿದ್ದ ಫೆಲೋಶಿಪ್ ಹಣ ಒಟ್ಟಿಗೇ ಬಂದಾಗ, ಸೆಕೆಂಡ್ ಹ್ಯಾಂಡ್ ಮೌಂಟನ್ ಬೈಕ್ ಒಂದನ್ನು ಕೊಂಡೆ. ಬ್ರಹ್ಮಾವರದಿಂದ ಬೆಳಗಿನ ಜಾವ ಹೊರಟು ಹೆಮ್ಮಾಡಿ, ವಂಡ್ಸೆ, ಚಿತ್ತೂರು ದಾಟಿ ಮೊದಲ ಸಲ ಅಲ್ಲಿಗೆ ತಲುಪಿದಾಗ ಸಂಕದ ಮೇಲೆ ತುಳಿಯಲು ಧೈರ್ಯ ಬಾರದೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ದಾಟಿದ್ದೆ. ದೊಡ್ಡಮ್ಮ ಗದ್ದೆಯ ಅಂಚಿನಲ್ಲೇ ನಿಂತು ನೋಡುತ್ತಿದ್ದಳು. "ಎಂತ ಮಾರಾಯ, ಸೈಕಲ್ ಮೇಲ್ ನೀ ಬಪ್ದಾ, ನಿನ್ ಮೇಲ್ ಸೈಕಲ್ ಬಪ್ದಾ?"

ಆಮೇಲೆ ಆ ಹಾದಿ ನನಗೆ ಚಟವಾಯಿತು. ಈ ಮೂರು ತಾಲ್ಲೂಕುಗಳಲ್ಲಿ ಇಂಥ ಹಾದಿಗಳಿಗೆ ಬರವಿಲ್ಲ. ಕಮಲಶಿಲೆ, ಸಿದ್ದಾಪುರದ ಕಡೆ, ಬೈಂದೂರಿನಿಂದ ಗೋಳಿಹೊಳೆಗೆ ಹೋಗುವಲ್ಲಿ, ಮಂದಾರ್ತಿಯ ಸುತ್ತ ಸೀತಾ ನದಿಯ ಬದಿಯಲ್ಲಿ ಹಾದಿಗಳು ಬೇಕಷ್ಟಿವೆ. (ಮೂಕಾಂಬಿಕಾ ಅಭಯಾರಣ್ಯದ ಒಳಗಿನದ್ದನ್ನು ಹೇಳುತ್ತಿಲ್ಲ. ಅಲ್ಲಿಗೆ ಅನುಮತಿ ಬೇಕು, ಬೇಕಾಗಿರುವುದು ಸರಿಯೂ ಹೌದು.) ಆದರೂ ಮತ್ತೆ ಮತ್ತೆ ಹೋದದ್ದು ದೊಡ್ಡಮ್ಮನ ಹಾದಿಗೇ. ಮುರಕಲ್ಲಿನ ಮೇಲೆ ಚಕ್ರ ಗಡಗಡ ಎಂದು, ಹಾಡಿಯೊಳಗೆ ಇಳಿದದ್ದೇ ತರಗೆಲೆಯ ಮೇಲೆ ಸದ್ದಡಗಿ, ಬೇರುಗಳ ನಡುವೆ ಗಾಲಿ ಎಲ್ಲಿ ಇಡಬೇಕೆಂದು ಯೋಚಿಸುವಷ್ಟರಲ್ಲಿ ದೇಹವೇ ಇಟ್ಟುಬಿಟ್ಟಿರುತ್ತದೆ. ಮೂರು ನಿಮಿಷ ಪ್ರಬಂಧವೂ ಇಲ್ಲ, ಮಾರ್ಗದರ್ಶಕರೂ ಇಲ್ಲ. ಸ್ಟ್ರಾವಾದಲ್ಲಿ ಆ ತುಂಡಿಗೆ 'ದೊಡ್ಡಮ್ಮನ ಇಳಿಜಾರು' ಎಂದು ಹೆಸರಿಟ್ಟೆ.

ಕಳೆದ ದೀಪಾವಳಿಗೆ ಹೋದಾಗ ದೊಡ್ಡಮ್ಮ ಹೇಳಿದಳು: "ನೀ ಓದ್ದವ ಅಲ್ದಾ, ಪಂಚಾಯ್ತಿಗೆ ಒಂದ್ ಅರ್ಜಿ ಬರ್ದ್ ಕೊಡ್ ಕಾಂಬ." ಸಂಕ ತೆಗೆದು ಸಿಮೆಂಟಿನ ಕಿರುಸೇತುವೆ, ಹಾಡಿಯೊಳಗೆ ಕಾಂಕ್ರೀಟು ರಸ್ತೆ, ರಿಕ್ಷಾ ಅಂಗಳದವರೆಗೆ ಬರುವಂತೆ. ಆ ಕಡೆ ಐದು ಮನೆಗಳಿವೆ. ಎಲ್ಲರೂ ಸಹಿ ಹಾಕಲು ತಯಾರಿದ್ದರು.

ನಾನು ಬರೆಯಲಿಲ್ಲ. ನವೆಂಬರಿನಲ್ಲಿ ಸೆಮಿನಾರಿತ್ತು, ಡಿಸೆಂಬರಿನಲ್ಲಿ ಅಧ್ಯಾಯವೊಂದನ್ನು ಒಪ್ಪಿಸಬೇಕಿತ್ತು. ಒಂದು ಪುಟದ ಅರ್ಜಿಗೆ ಇದ್ಯಾವುದೂ ಅಡ್ಡ ಬರುವುದಿಲ್ಲವೆಂದು ಫೆಬ್ರವರಿ ಹೊತ್ತಿಗೆ ನನಗೇ ಗೊತ್ತಾಗಿತ್ತು. ಆ ಹಾದಿ ಹಾಗೇ ಇರಲಿ ಎಂದು ನನಗೆ ಆಸೆಯಿತ್ತು. ಅಷ್ಟೇ.

ನಾಚಿಕೆಯ ಸಂಗತಿಯೆಂದರೆ ನಾನು ಓದುತ್ತಿರುವುದೇ ಇದನ್ನು. ನನ್ನ ವಿಷಯ ಸೌಂದರ್ಯಮೀಮಾಂಸೆ. 1790ರಲ್ಲಿ ಬಂದ ಕಾಂಟ್‌ನ ಮೂರನೆಯ ವಿಮರ್ಶೆಯಲ್ಲಿ ಭವ್ಯತೆಯ ಬಗ್ಗೆ ಒಂದು ಭಾಗವಿದೆ. ಮೇಲಿನಿಂದ ವಾಲಿರುವ ಬಂಡೆ, ಗುಡುಗು, ಉಕ್ಕುವ ಕಡಲು, ಇವು ಹೆದರಿಸಿದಷ್ಟೂ ನಮ್ಮನ್ನು ಸೆಳೆಯುತ್ತವೆ, ಆದರೆ ನಾವು ಸುರಕ್ಷಿತವಾದ ಜಾಗದಲ್ಲಿದ್ದರೆ ಮಾತ್ರ ಎನ್ನುತ್ತಾನೆ. ಸ್ವಲ್ಪ ಮುಂದೆ ಒಬ್ಬ ರೈತ ಬರುತ್ತಾನೆ. 1787ರಲ್ಲಿ ಮೋಂಬ್ಲಾಂ ಶಿಖರ ಏರಿದ ಜಿನೀವಾದ ವಿಜ್ಞಾನಿ ಸೊಸ್ಯೂರ್ ಹೇಳಿದ ಕತೆಯದು. ಸವಾಯ್ ಸೀಮೆಯ ಆ ಒಳ್ಳೆಯ, ಬುದ್ಧಿವಂತ ರೈತ ಹಿಮಪರ್ವತಗಳಿಗೆ ಮನಸೋತವರನ್ನೆಲ್ಲ ಮೂರ್ಖರೆಂದು ಕರೆದನಂತೆ. ಕಾಂಟ್‌ನ ವಿವರಣೆ ಏನೆಂದರೆ, ಸಂಸ್ಕಾರವಿಲ್ಲದ ಮನಸ್ಸಿಗೆ ಅಲ್ಲಿ ಕಷ್ಟ, ಅಪಾಯ ಮಾತ್ರ ಕಾಣುತ್ತದೆ. ಇದನ್ನು ಬರೆದವನು ತನ್ನ ಕೋನಿಗ್ಸ್‌ಬರ್ಗಿನಿಂದ ದೂರ ಹೋದವನಲ್ಲ ಎನ್ನುವುದು ಬೇರೆ ಮಾತು.

ಈ ಸಾಲುಗಳನ್ನು ನಾಲ್ಕು ವರ್ಷದಿಂದ ಅಡಿಗೆರೆ ಎಳೆದು ಓದಿದ್ದೇನೆ. ರೈತನ ಪರವಾಗಿ ಯೋಚಿಸಿದ್ದು ಅರ್ಜಿ ಬರೆಯದೆ ಕೂತಾಗಲೇ.

ನನ್ನ 'ಸುರಕ್ಷಿತ ಜಾಗ' ಯಾವುದು? ಹೆಲ್ಮೆಟ್ಟು, ಡಿಸ್ಕ್ ಬ್ರೇಕು, ಅದಕ್ಕಿಂತ ಹೆಚ್ಚಾಗಿ ದಿನವನ್ನು ನಾನೇ ಆರಿಸಿಕೊಳ್ಳುವುದು. ಡಿಸೆಂಬರಿನಿಂದ ಮಾರ್ಚಿನವರೆಗಿನ ಭಾನುವಾರಗಳು. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಸುರಿಯುವ ಊರು ಇದು, ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ. ಜುಲೈಯಲ್ಲಿ ನಾನು ಆ ಕಡೆ ತಲೆ ಹಾಕುವುದಿಲ್ಲ. ದೊಡ್ಡಮ್ಮನಿಗೆ ಜುಲೈಯಲ್ಲೂ ಹಾಲು ಡೈರಿಗೆ ಹೋಗಬೇಕು. ಆರು ವರ್ಷದ ಹಿಂದೆ ಅಂಥದೇ ಒಂದು ಮಳೆಯ ರಾತ್ರಿ ದೊಡ್ಡಪ್ಪಯ್ಯನಿಗೆ ಎದೆನೋವು ಬಂದಾಗ ಪ್ಲಾಸ್ಟಿಕ್ ಕುರ್ಚಿಗೆ ಕಟ್ಟಿ ನಾಲ್ವರು ಹೊತ್ತುಕೊಂಡು ಇದೇ ಇಳಿಜಾರನ್ನು ಹತ್ತಿದ್ದರು. ಅವರು ಬದುಕಿಕೊಂಡರು. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಎರಡನೇ ತರಗತಿಯ ಹುಡುಗಿ ಕಾಲುಸಂಕ ದಾಟುವಾಗ ನೀರಿಗೆ ಬಿದ್ದಳು, ಬದುಕಲಿಲ್ಲ. 'ಶಾಲಾ ಸಂಪರ್ಕ ಸೇತು' ಎನ್ನುವ ಹೆಸರಿನಲ್ಲಿ ಸರ್ಕಾರ ಒಂದು ಯೋಜನೆಯನ್ನೇ ಮಾಡಬೇಕಾಗಿ ಬಂದ ಸೀಮೆ ನಮ್ಮದು. ಸಂಕದ ಮೇಲೆ ತೋಲ ತಪ್ಪದೆ ಸೈಕಲ್ ದಾಟಿಸಿದ ವಿಡಿಯೋವೊಂದು ನನ್ನ ಫೋನಿನಲ್ಲಿತ್ತು. ಅಳಿಸಿದೆ.

ಹಾಗಾದರೆ ಖುಷಿಯೇ ತಪ್ಪೇ? ಹಾಗೆ ಅನ್ನಿಸುವುದಿಲ್ಲ. ಮೌಂಟನ್ ಬೈಕಿನ ಹುಟ್ಟೇ ಕೆಲಸದ ವಸ್ತುವೊಂದನ್ನು ಆಟಕ್ಕೆ ಎಳೆದದ್ದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಗಟ್ಟಿ ಹಳೆಯ ಸೈಕಲ್ಲುಗಳನ್ನು ಗುಡ್ಡಕ್ಕೆ ಒಯ್ದು ಕೆಳಗೆ ಬಿಟ್ಟರು. ಬ್ರೇಕಿನ ಗ್ರೀಸು ಸುಟ್ಟು ಪ್ರತಿಸಲ ಹೊಸದಾಗಿ ತುಂಬಬೇಕಾದ್ದರಿಂದ ಆ ಇಳಿಜಾರಿಗೆ 'ರೀಪ್ಯಾಕ್' ಎಂದೇ ಹೆಸರು. ನಮ್ಮಲ್ಲಿ ಅದೇ ಹೊತ್ತಿಗೆ ಕ್ಯಾರಿಯರಿಗೆ ಮೀನಿನ ಬುಟ್ಟಿ ಕಟ್ಟಿಕೊಂಡು ಗಂಗೊಳ್ಳಿಯಿಂದ ಒಳನಾಡಿಗೆ ಸೈಕಲ್ ತುಳಿಯುವವರಿದ್ದರು. ಏರು ಬಂದಲ್ಲಿ ಇಳಿದು ನೂಕುತ್ತಿದ್ದರು. ಆಟ ಆಡುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆಟದ ಅಂಗಳ ಕೆಡದಿರಲಿ ಎಂದು ಇನ್ನೊಬ್ಬರ ಕುರ್ಚಿ ಹೊರುವ ಹಾದಿಯನ್ನು ಹಾಗೇ ಇರಿಸುವುದು ಆಟದ ಲೆಕ್ಕಕ್ಕೆ ಸೇರುವುದಿಲ್ಲ.

ಕಾಂಟ್ ಇನ್ನೊಂದು ಕಡೆಯೂ ಎಡವಿದ್ದಾನೆ ಎಂದು ಈಚೆಗೆ ಅನ್ನಿಸುತ್ತಿದೆ. ಮುರಕಲ್ಲಿನ ಗುಡ್ಡೆಯ ನೆತ್ತಿಯಲ್ಲಿ ಸೊಂಟದೆತ್ತರದ ಒಂದು ಚಪ್ಪಟೆ ಕಲ್ಲಿದೆ. ಸೊಪ್ಪಿನ ಹೊರೆ, ಅಕ್ಕಿ ಚೀಲ, ಗ್ಯಾಸ್ ಸಿಲಿಂಡರು, ಏನು ಹೊತ್ತವರಾದರೂ ಅಲ್ಲಿ ಇಳಿಸುತ್ತಾರೆ. ದೊಡ್ಡಮ್ಮನೂ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕೊಡಚಾದ್ರಿಯ ಕಡೆ ನೋಡುತ್ತಾ ಕೂರುತ್ತಾಳೆ. ಮೋಡ ಎಲ್ಲಿ ಕೂತಿದೆ ಎನ್ನುವುದನ್ನು ಕೇಳದಿದ್ದರೂ ಹೇಳುತ್ತಾಳೆ. ಅವಳಿಗೆ ಬೆಟ್ಟ ಕಾಣುವುದಿಲ್ಲವೆಂದು ಯಾರು ಹೇಳಬೇಕು? ಅವಳ ಪಾಲಿಗೆ ಅದು ಹೊರೆ ಇಳಿಸಿದ ಐದು ನಿಮಿಷ. ನನಗೆ ಇಡೀ ಭಾನುವಾರ.

ರಸ್ತೆ ಬಂದರೆ ಏನೇನು ಬರುತ್ತದೆಂಬ ಭಯ ಸುಳ್ಳಲ್ಲ. ಮುರಕಲ್ಲು ಕೊರೆಯುವ ಯಂತ್ರ, ಟಿಪ್ಪರು, ಹೋಂಸ್ಟೇ. ಕೊನೆಗೂ ಶಿವರಾತ್ರಿಯ ಮಾರನೇ ದಿನ ಹೋಗಿ ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದ್ ಬಂದಾಗ ಕಾಂಬ. ನಿಮ್ಮನಿ ಎದ್ರ್ ಹೈವೇ ಬಂತಲ್ದಾ, ನೀವೆಂತ ಬಿಟ್ಟ್ ಹೋದ್ರ್ಯಾ?" ಎಂದಳು. ಅರುವತ್ತಾರು ನಂಬರಿನ ಹೆದ್ದಾರಿಗೆ ನಮ್ಮ ಮನೆ ಎರಡು ನಿಮಿಷದ ದೂರ. ಬಿಟ್ಟು ಹೋಗಿಲ್ಲ.

ಅಂದೇ ಜಗಲಿಯಲ್ಲಿ ಕೂತು ಅರ್ಜಿ ಬರೆದೆ. ಹಾದಿ ಪಕ್ಕದ ಮನೆಯವರ ಕುಮ್ಕಿ ಜಾಗದಲ್ಲಿ ಸ್ವಲ್ಪ ಹಾದುಹೋಗುವುದರಿಂದ ಅವರ ಒಪ್ಪಿಗೆಯ ಸಾಲೂ ಬೇಕಾಯಿತು. ಉದ್ದ ಎಷ್ಟೆಂದು ಬರೆಯುವಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಒಬ್ಬರು ಮುಕ್ಕಾಲು ಮೈಲಿ ಎಂದರು, ಇನ್ನೊಬ್ಬರು ಎರಡು ಕಿಲೋಮೀಟರು. ನಾನು ಫೋನು ತೆಗೆದು 'ದೊಡ್ಡಮ್ಮನ ಇಳಿಜಾರು' ನೋಡಿದೆ. ಅದಕ್ಕೆ ಗುಡ್ಡೆಯ ತುಂಡನ್ನೂ ಸೇರಿಸಿ 1.25 ಕಿ.ಮೀ. ಎಂದು ಬರೆದೆ.

ದೊಡ್ಡಮ್ಮ ಪರದೆಯನ್ನು ಇಣುಕಿ ನೋಡಿದಳು. "ಅದ್ರಗೆ ಏರ್ ಎಷ್ಟ್ ಅಂದೂ ಇತ್ತಾ? ಅದನ್ನೂ ಬರಿ."

58 ಮೀಟರು. ಬರೆದೆ.