ಕೇಳಲಾರದವರ ವಿಷಯದಲ್ಲಿ ನಮ್ಮ ಮಾತು

ಎದುರಿಗೆ ಇಲ್ಲದವರ ವಿಷಯದಲ್ಲಿ ಮಾತನಾಡುವಾಗ ನಾಲಗೆ ಸಡಿಲವಾಗುವುದು ಮನುಷ್ಯ ಸ್ವಭಾವ. ಮುಖದೆದುರು ಅನ್ನಲು ಅಂಜುವುದನ್ನು ಬೆನ್ನ ಹಿಂದೆ ಅನ್ನಲು ನಾವು ಅಂಜುವುದಿಲ್ಲ. ಬೆನ್ನ ಹಿಂದಿನ ನಿಂದೆ ತಪ್ಪೆಂಬುದನ್ನು ಎಲ್ಲರೂ ಬಲ್ಲರು. ಆದರೆ ಬೆನ್ನ ಹಿಂದೆ ಪ್ರೀತಿಯಿಂದಲೇ ಆಡಿದ ಮಾತೂ ತಪ್ಪಾಗಬಲ್ಲುದೆ? ಈ ಪ್ರಶ್ನೆ ನಮಗೆ ಎದುರಾದುದು ಮೈಸೂರಿನ ಒಂದು ಕಾಲೇಜಿನ ಬಾನುಲಿ ಕೇಂದ್ರದಲ್ಲಿ.

ನಮ್ಮ ಸಂಘದಲ್ಲಿ ಕನ್ನಡ ಕಲಿಯುವ ಕೆಲವು ಮಕ್ಕಳನ್ನು ಕರೆದುಕೊಂಡು ನಾವು ಅಲ್ಲಿಗೆ ಹೋಗಿದ್ದೆವು. ಬಂಡೀಪುರದ ಕಾಡಿನ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಿರುವುದರಿಂದ, ಬೆಳಕು ಹರಿದ ಮೇಲೆ ಬೊಕ್ಕಾಪುರದಿಂದ ಹೊರಟು ಮಸಿನಗುಡಿ, ತೆಪ್ಪಕಾಡು, ಗುಂಡ್ಲುಪೇಟೆ, ನಂಜನಗೂಡುಗಳನ್ನು ದಾಟಿ ಮೈಸೂರನ್ನು ಸೇರಿದೆವು. ಬಾನುಲಿಯನ್ನು ನೋಡಲು ಅದಕ್ಕಿಂತ ತಕ್ಕ ಊರು ಬೇರೆ ಯಾವುದಿದೆ? 1935ರ ಸೆಪ್ಟೆಂಬರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರವನ್ನು ಆರಂಭಿಸಿದುದು ಆ ಊರಿನಲ್ಲಿ. ಅವರ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ 1950ರ ದಶಕದಲ್ಲಿ ಇಡೀ ದೇಶದ ಬಾನುಲಿಯ ಹೆಸರಾಯಿತು.

ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. 2002ರಲ್ಲಿ ವಿದ್ಯಾಸಂಸ್ಥೆಗಳಿಗೂ, 2006ರಲ್ಲಿ ಸೇವಾಸಂಸ್ಥೆಗಳಿಗೂ ಬಾನುಲಿ ನಡೆಸುವ ಅವಕಾಶ ದೊರೆಯಿತು. ನಾವು ಕಂಡ ಕೇಂದ್ರದಲ್ಲಿ ಬರೆಯುವವರು, ಓದುವವರು, ಯಂತ್ರವನ್ನು ನಡೆಸುವವರು ಎಲ್ಲರೂ ವಿದ್ಯಾರ್ಥಿಗಳೇ. ಸದ್ದು ಮರುದನಿಸದಂತೆ ಗೋಡೆಗೆ ಹೊದಿಕೆ ಹಾಸಿದ ಒಂದು ಚಿಕ್ಕ ಕೊಠಡಿ, ಗಾಜಿನಾಚೆ ಇನ್ನೊಂದು. ಅಲ್ಲಿ ಕುಳಿತವರ ಉತ್ಸಾಹವನ್ನು ಕಂಡು ನಮಗೆ ಸಂತೋಷವಾಯಿತು.

ಅಂದಿನ ಕಾರ್ಯಕ್ರಮ ನಮ್ಮ ಸೀಮೆಯ ಇರುಳರ, ಕುರುಂಬರ ಹಾಡುಗಳನ್ನು ಕುರಿತದ್ದು. ಪೀಠಿಕೆಯ ಮಾತುಗಳನ್ನು ನಾವೇ ಬರೆದು ಮೊದಲೇ ಕಳುಹಿಸಿದ್ದೆವು. ತರುಣನೊಬ್ಬನು ಮಧುರವಾದ ದನಿಯಲ್ಲಿ, “ಅಳಿದುಹೋಗುತ್ತಿರುವ ಈ ಮುಗ್ಧ ಜನ” ಎಂದು ಓದಿದನು. ದೀಪ ಆರಿದ ಬಳಿಕ, ನಮ್ಮೊಡನೆ ಬಂದಿದ್ದ ಇರುಳರ ಹುಡುಗಿಯೊಬ್ಬಳು ಅವನನ್ನು ಕೇಳಿದಳು: “ಅಣ್ಣಾ, ನಾವು ಅಳಿದುಹೋಗುತ್ತಿದ್ದೇವೆಯೆ? ಮೊನ್ನೆ ತಾನೆ ನಮ್ಮ ಮನೆಯಲ್ಲಿ ತಮ್ಮ ಹುಟ್ಟಿದನಲ್ಲ!”

ಅವಳ ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಕಳವಳವಿತ್ತು. ತರುಣನು ನಮ್ಮ ಮುಖವನ್ನು ನೋಡಿದನು. ನಾವು ನೆಲವನ್ನು ನೋಡಿದೆವು.

ಇಂತಹ ಕೇಂದ್ರದ ಶಕ್ತಿ ಸಾಮಾನ್ಯವಾಗಿ 100 ವಾಟ್. ಅದರ ದನಿ ಹತ್ತು ಹದಿನೈದು ಕಿಲೋಮೀಟರು ಮುಟ್ಟೀತು. ಮೈಸೂರಿನಲ್ಲಿ ಆಡಿದ ಮಾತು ಬೊಕ್ಕಾಪುರವನ್ನು ತಲುಪಲಾರದು. ಆ ಹುಡುಗಿ ಅಂದು ಅಲ್ಲಿ ಇರದಿದ್ದರೆ ನಮ್ಮ ವಾಕ್ಯ ಸಾವಿರ ಕಿವಿಗಳಿಗೆ ಬಿದ್ದು ಸತ್ಯವೆನಿಸುತ್ತಿತ್ತು. ಯಾರ ವಿಷಯವೋ ಅವರ ಕಿವಿಗೆ ಮಾತ್ರ ಬೀಳುತ್ತಿರಲಿಲ್ಲ. ನಮ್ಮಲ್ಲಿ ದ್ವೇಷವಿರಲಿಲ್ಲ, ಕನಿಕರವಿದ್ದಿತು. ಆದರೆ ಉತ್ತರ ಹೇಳಲಾರದವರ ಮೇಲೆ ಹೊರಿಸಿದ ಕನಿಕರವೂ ಒಂದು ಹೊರೆಯೇ.

ಹಾಗಾದರೆ ಪರರ ವಿಷಯದಲ್ಲಿ ಬಾಯಿ ತೆರೆಯಲೇಬಾರದೆ? ಹಾಗೆಂದರೆ ಚರಿತ್ರೆ ನಿಲ್ಲುತ್ತದೆ, ಪಾಠ ನಿಲ್ಲುತ್ತದೆ. ತರಗತಿಯಲ್ಲಿ ನಾವು ದಿನವೂ ಇಲ್ಲದವರ ಮಾತನ್ನೇ ಆಡುತ್ತೇವಲ್ಲವೆ? ಮೌನ ಇದಕ್ಕೆ ಪರಿಹಾರವಲ್ಲ. ಅವರು ಎದುರಿಗೆ ಕುಳಿತಿರುವರೆಂದು ಭಾವಿಸಿ ಮಾತನಾಡುವುದು ಮೊದಲನೆಯ ಕರ್ತವ್ಯ. ಆದಷ್ಟೂ ಅವರನ್ನು ನಿಜವಾಗಿ ಎದುರಿಗೆ ಕೂರಿಸಿಕೊಳ್ಳುವುದು ಎರಡನೆಯದು. ಸಮುದಾಯ ಬಾನುಲಿಯ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯರು ಪಾಲ್ಗೊಂಡು ಸಿದ್ಧವಾಗಬೇಕೆಂಬ ನಿಯಮದ ತಿರುಳೂ ಇದೇ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ 2009ರಲ್ಲಿ ಆರಂಭವಾದ ‘ಸಾರಂಗ್’ ಬಾನುಲಿಯು ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ ನುಡಿಗಳಿಗೂ ಎಡೆಗೊಟ್ಟಿದೆ. ಒಬ್ಬರ ವಿಷಯವನ್ನು ಹೇಳುವುದಕ್ಕಿಂತ ಅವರೇ ಹೇಳುವುದನ್ನು ಕೇಳುವುದು ಮೇಲು.

ಆ ವಿದ್ಯಾರ್ಥಿಗಳು ನಮಗಿಂತ ದೊಡ್ಡವರೆನಿಸಿದರು. “ನೀನೇ ಹೇಳಮ್ಮ” ಎಂದು ಹುಡುಗಿಯನ್ನು ಕೊಠಡಿಯೊಳಗೆ ಕೂರಿಸಿದರು. ಅವಳು ಮೊದಲು ತನ್ನ ಮನೆಯ ನುಡಿಯಲ್ಲಿ, ಅನಂತರ ಕನ್ನಡದಲ್ಲಿ, ತನ್ನ ಊರು, ತನ್ನ ಅಜ್ಜಿಯ ಹಾಡು, ಹೊಸದಾಗಿ ಹುಟ್ಟಿದ ತಮ್ಮ ಎಲ್ಲವನ್ನೂ ಹೇಳಿದಳು. ಆ ದಿನವೇ ನಮ್ಮ ವಾಕ್ಯ ತಪ್ಪೆಂದೂ ಪ್ರಸಾರವಾಯಿತು. ಧ್ವನಿಮುದ್ರಣವನ್ನು ನಾವು ಊರಿಗೆ ತಂದು ಅವಳ ಅಜ್ಜಿಗೆ ಕೇಳಿಸಿದೆವು. ಅಜ್ಜಿ ಕೇಳಿ, ಹಾಡಿನಲ್ಲಿ ಮೊಮ್ಮಗಳು ಬಿಟ್ಟಿದ್ದ ಒಂದು ಸಾಲನ್ನು ತಾನೇ ಹಾಡಿ ತೋರಿಸಿದಳು. ಆ ಸಾಲೂ ಮೈಸೂರಿಗೆ ಹೋಗಬೇಕಾಗಿದೆ.

ಉಪಾಧ್ಯಾಯರಾದ ನಮಗೆ ಬಾನುಲಿಯಿಲ್ಲದಿರಬಹುದು, ತರಗತಿಯಿದೆ. ಅಲ್ಲಿಯೂ ಮಾತು ಒಂದೇ ದಿಕ್ಕಿಗೆ ಹರಿಯುತ್ತದೆ. ಮಗುವೊಂದು ಕೈಯೆತ್ತಿ, “ನಮ್ಮ ಮನೆಯಲ್ಲಿ ಹಾಗಿಲ್ಲವಲ್ಲ” ಎಂದಾಗ ಪಾಠ ಕೆಟ್ಟಿತೆಂದು ನೊಂದುಕೊಳ್ಳದಿರೋಣ. ಪಾಠ ಮೊದಲಾಗುವುದು ಅಲ್ಲಿಂದಲೇ.