ಯಾರ ತಾಳ್ಮೆ?

ದೇವರ ಸಮಯ ಎಂದೂ ತಪ್ಪುವುದಿಲ್ಲ ಎಂಬ ಪ್ರಸಂಗಗಳಲ್ಲಿ ವಿಲಿಯಂ ಕೇರಿಯವರ ಹಡಗಿನ ಪ್ರಸ್ತಾಪ ಬರುವುದುಂಟು. 1793ರಲ್ಲಿ ಈ ಬ್ಯಾಪ್ಟಿಸ್ಟ್ ಬೋಧಕರು ಇಂಗ್ಲೆಂಡಿನಿಂದ ಬಂಗಾಳಕ್ಕೆ ಹೊರಟಾಗ ಪತ್ನಿ ಡೊರೊಥಿ ಬರಲು ಒಪ್ಪಲಿಲ್ಲ. ತುಂಬು ಬಸುರಿ, ಕಾಣದ ದೇಶ. ಹಿರಿಮಗ ಫೀಲಿಕ್ಸ್‌ನನ್ನಷ್ಟೇ ಕರೆದುಕೊಂಡು ಕೇರಿ ಹಡಗು ಹತ್ತಿದರು. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲವೆಂದು ಅವರನ್ನು ಇಂಗ್ಲೆಂಡಿನ ತೀರದಲ್ಲೇ ಇಳಿಸಿಬಿಟ್ಟರು. ಆ ಹೊತ್ತಿಗೆ ಡೊರೊಥಿಗೆ ಹೆರಿಗೆಯಾಗಿತ್ತು. ತಂಗಿ ಜೊತೆಗೆ ಬರುವುದಾದರೆ ತಾನೂ ಬರುತ್ತೇನೆಂದು ಅವರು ಕೊನೆಗೆ ಒಪ್ಪಿದರು. ಜೂನ್‌ನಲ್ಲಿ ಡೇನಿಷ್ ಹಡಗೊಂದು ಸಿಕ್ಕಿತು, ಇಡೀ ಸಂಸಾರ ಹೊರಟಿತು. ನೋಡಿ, ತಡವಾದದ್ದು ಎಷ್ಟು ಒಳ್ಳೆಯದಾಯಿತು ಎಂದು ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ.

ಅಲ್ಲಿಗೆ ನಿಲ್ಲಿಸುವುದು ನ್ಯಾಯವಲ್ಲ. ಮದುವೆಯ ದಾಖಲೆಗೆ ಸಹಿ ಹಾಕಲು ಬಾರದೆ ಗುರುತು ಹಾಕಿದ್ದ ಹೆಣ್ಣುಮಗಳು ಡೊರೊಥಿ. ಬಂಗಾಳಕ್ಕೆ ಬಂದ ಮರುವರ್ಷವೇ, ಮದ್ನಾಬತಿಯ ನೀಲಿ ಕಾರ್ಖಾನೆಯಲ್ಲಿ ಕೇರಿ ಕೆಲಸಕ್ಕಿದ್ದಾಗ, ಐದು ವರ್ಷದ ಪೀಟರ್ ತೀರಿಕೊಂಡ. ಜಾತಿ ಕೆಡುತ್ತದೆಂಬ ಭಯಕ್ಕೆ ಗುಂಡಿ ತೋಡಲು, ಹೆಣ ಹೊರಲು ಜನ ಸಿಕ್ಕುವುದೇ ಕಷ್ಟವಾಯಿತು. ಆಮೇಲೆ ಡೊರೊಥಿಯ ಮನಸ್ಸು ಮತ್ತೆ ಸರಿಹೋಗಲಿಲ್ಲ. ಗಂಡ ತನಗೆ ದ್ರೋಹ ಮಾಡುತ್ತಿದ್ದಾನೆಂಬ ಭ್ರಮೆ ಹಿಡಿಯಿತು. 1807ರಲ್ಲಿ ಸಾಯುವವರೆಗೂ ಹೆಚ್ಚಿನ ಕಾಲ ಅವರನ್ನು ಕೋಣೆಯೊಳಗೇ ಇಡಬೇಕಾಯಿತು.

ಇತ್ತ ಕೇರಿ ಏಳು ವರ್ಷ ಸಾರಿದರೂ ಬಂಗಾಳಿಯೊಬ್ಬನೂ ದೀಕ್ಷಾಸ್ನಾನಕ್ಕೆ ಬಂದಿರಲಿಲ್ಲ. ಮೊದಲು ಬಂದದ್ದು ಬಡಗಿ ಕೃಷ್ಣ ಪಾಲ್. ಜಾರಿದ ಅವನ ಭುಜವನ್ನು ಕೇರಿಯ ಜೊತೆಗಾರ ವೈದ್ಯ ಜಾನ್ ಥಾಮಸ್ ಸರಿಪಡಿಸಿದ್ದರು. 1800ರ ಡಿಸೆಂಬರ್ 28ರಂದು ಸೆರಾಂಪುರದಲ್ಲಿ, ಹೂಗ್ಲಿ ನದಿಯಲ್ಲಿ, ಕೇರಿ ತಮ್ಮ ಮಗ ಫೀಲಿಕ್ಸ್‌ಗೂ ಕೃಷ್ಣನಿಗೂ ದೀಕ್ಷಾಸ್ನಾನ ಕೊಟ್ಟರು. ಅಷ್ಟು ವರ್ಷ ಕಾದದ್ದು ಕೊನೆಗೂ ಕೈಗೂಡಿದ ಸಂತೋಷದಲ್ಲಿ ಥಾಮಸ್‌ಗೇ ಬುದ್ಧಿಭ್ರಮಣೆಯಾಗಿತ್ತು. ಅವರನ್ನೂ ಕೂಡಿಹಾಕಬೇಕಾಯಿತು. ದಡದಲ್ಲಿ ಜನ ಹಾಡುತ್ತಿದ್ದ ಆ ದಿನ, ಒಂದು ಕಡೆ ಕೂಡಿಹಾಕಿದ್ದ ಥಾಮಸ್, ಇನ್ನೊಂದು ಕಡೆ ಡೊರೊಥಿ.

ಕೇರಿಯ ತಾಳ್ಮೆಯನ್ನು ಕಡೆಗಣಿಸಲು ನಾನು ಇದನ್ನು ಬರೆಯುತ್ತಿಲ್ಲ. ಅದು ಅಪ್ಪಟ ತಾಳ್ಮೆ. ಆದರೆ ಆ ತಾಳ್ಮೆಯ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ. ಕಾಯುತ್ತೇನೆಂದು ಅವರು ತಾವಾಗಿ ತೀರ್ಮಾನಿಸಿದ್ದರು, ಡೊರೊಥಿಯನ್ನು ಕಾಯಿಸಲಾಯಿತು. ಇವೆರಡನ್ನೂ ದೇವರ ಸಮಯ ಎಂಬ ಒಂದೇ ಹೆಸರಿನಲ್ಲಿ ಸೇರಿಸಿಬಿಟ್ಟರೆ ನಾವು ದೇವರ ಮೇಲೆ ಸುಳ್ಳು ಹೇಳಿದಂತಾಗುತ್ತದೆ. ಆ ಹಡಗು ತಡವಾದದ್ದು ಯಾಕೆಂದು ದೇವರಿಗೆ ಗೊತ್ತು. ಡೊರೊಥಿಯ ಪಾಲಿಗೂ ಅದು ಒಳ್ಳೆಯದೇ ಆಯಿತೆಂದು ಸಾಕ್ಷಿ ಹೇಳುವ ಹಕ್ಕು ನಮಗಿಲ್ಲ.

ಯಾರು ಹೇಳಬಹುದು ಹಾಗಾದರೆ? ಅದಕ್ಕೂ ಕೇರಿಯ ಬದುಕಿನಲ್ಲೇ ಉತ್ತರವಿದೆ. 1812ರ ಮಾರ್ಚ್ 11ರ ಸಂಜೆ ಸೆರಾಂಪುರದಲ್ಲಿದ್ದ ಅವರ ಮಿಷನ್ನಿನ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದ, ಹಲವು ಲಿಪಿಗಳ ಅಚ್ಚುಮೊಳೆ, ವರ್ಷಗಟ್ಟಲೆ ಸೇರಿಸಿದ್ದ ಬಹುಭಾಷಾ ನಿಘಂಟಿನ ಸಾಮಗ್ರಿ ಹೋಯಿತು. ನಮ್ಮ ಕನ್ನಡಕ್ಕೆ ಮಾಡಿದ್ದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಬೂದಿಯಾಯಿತು. ಕಲ್ಕತ್ತೆಯಲ್ಲಿದ್ದ ಕೇರಿಗೆ ಸುದ್ದಿ ಮುಟ್ಟಿದ್ದು ಮರುದಿನ. ಸುಟ್ಟದ್ದು ಅವರದೇ ಕೈಬರಹ, ಸವೆದದ್ದು ಅವರದೇ ಕಣ್ಣು. ಅವರು 46ನೇ ಕೀರ್ತನೆಯನ್ನು ಹಿಡಿದು ಪ್ರಸಂಗ ಮಾಡಿ, ದೇವರು ದೇವರೇ, ತಮ್ಮದು ಅಧೀನವಾಗುವ ಪಾಲು ಎಂದರು. ಆ ಮಾತು ಅವರ ಬಾಯಲ್ಲಿ ತೂಕದ್ದು. ಕರಗಿದ ಸೀಸವನ್ನು ಬೂದಿಯಿಂದ ಹೆಕ್ಕಿ ಹೊಸ ಮೊಳೆ ಎರಕ ಹೊಯ್ದರು. ಅನುವಾದವನ್ನು ಮೊದಲ ಪುಟದಿಂದ ಮತ್ತೆ ಹಿಡಿದರು. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇಡೀ ಕನ್ನಡ ಬೈಬಲ್ ಮಾತ್ರ ಬಂದದ್ದು ಬೇರೆಯವರ ಕೈಯಿಂದ. 1831ರಲ್ಲಿ, ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಅದನ್ನು ಪೂರೈಸಿದರು. ನಾವು ಕಾಯುವ ಕೆಲಸ ನಮ್ಮ ಕೈಯಿಂದಲೇ ಮುಗಿಯಬೇಕೆಂದು ದೇವರು ಎಲ್ಲೂ ಮಾತು ಕೊಟ್ಟಿಲ್ಲ.

ತಾನಾಗಿ ಕಾಯುವುದಕ್ಕೂ ಬೇರೆಯವರನ್ನು ಕಾಯಿಸುವುದಕ್ಕೂ ಇರುವ ವ್ಯತ್ಯಾಸ ನಮ್ಮ ಸಭೆಗಳಲ್ಲಿ ದಿನವೂ ಮರೆತುಹೋಗುತ್ತದೆ. ಮದುವೆಯಾಗಿ ಹತ್ತು ವರ್ಷ ಮಕ್ಕಳಿಲ್ಲದವಳಿಗೆ, ಕುಡಿಯುವ ಗಂಡನ ಹೊಡೆತ ತಿನ್ನುವವಳಿಗೆ, ಪ್ರಾರ್ಥನಾ ಕೂಟದಲ್ಲಿ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ಕಾಯಿರಿ ಅಮ್ಮ, ಕರ್ತನ ಸಮಯ ಬರುತ್ತದೆ. ಹೇಳಿದವರು ಊಟ ಮಾಡಿ ಮಲಗುತ್ತಾರೆ, ಅವಳು ಅದೇ ಮನೆಗೆ ಹೋಗಬೇಕು. ಎಲ್ಲಿಯವರೆಗೆ ಎಂದು ದೇವರನ್ನೇ ತಡೆದು ಕೇಳುವ 13ನೇ ಕೀರ್ತನೆ ಬೈಬಲಿನಲ್ಲಿದೆ. ಅದನ್ನು ಅಲ್ಲಿಂದ ಯಾರೂ ತೆಗೆದುಹಾಕಲಿಲ್ಲ. ಅವಳಿಗೂ ಹಾಗೆ ಕೇಳಲು ಬಿಡಿ. ಮೊದಲನೆಯವಳ ಜೊತೆ ಆಸ್ಪತ್ರೆಗೆ ನಡೆಯಿರಿ, ಎರಡನೆಯವಳಿಗೆ ಈ ರಾತ್ರಿ ನಿಮ್ಮ ಮನೆಯಲ್ಲಿ ಮಲಗಲು ಜಾಗ ಕೊಡಿ. ದೇವರ ಸಮಯದ ಮಾತನ್ನು, ಹೇಳುವುದಿದ್ದರೆ, ಅವರೇ ಒಂದು ದಿನ ಹೇಳಲಿ.