ತಿತಿಕ್ಷೆಯೂ ಮಿದುಳಿನ ಅಫೀಮೂ

ಬಂದ ನೋವನ್ನು ಗೋಳಿಡದೆ ತಾಳಿಕೊಳ್ಳತಕ್ಕ ಗುಣವನ್ನು ನಮ್ಮ ವೇದಾಂತಿಗಳು ತಿತಿಕ್ಷೆಯೆಂದು ಕರೆದು, ಶಮದಮಾದಿಗಳ ಸಾಲಿನಲ್ಲಿ ಇಟ್ಟಿರುವರಷ್ಟೆ. ಈ ಗುಣವನ್ನು ನಾವು ಮನೆಯಲ್ಲಿಯೂ ಪಾಠಶಾಲೆಯಲ್ಲಿಯೂ ಹೊರಗಣ ಕುರುಹಿನಿಂದಲೇ ಅಳೆಯುತ್ತೇವೆ. ಗಾಯವಾದಾಗ ಅಳದವನು ಧೀರ. ದಂಡಿಸಿದಾಗ ಅಳದವನು ಮೊಂಡ. ಒಂದೇ ಒಣಗಣ್ಣಿಗೆ ಒಮ್ಮೆ ಸ್ತುತಿ, ಇನ್ನೊಮ್ಮೆ ನಿಂದೆ. ಈ ಅಳತೆ ನ್ಯಾಯವಾದುದೇ ಎಂಬುದು ಪ್ರಕೃತ ವಿಚಾರ.

ಗಸಗಸೆಯ ಗಿಡದ ಹಾಲಿನಿಂದಾಗುವ ಅಫೀಮು ನೋವನ್ನು ಅಡಗಿಸುವುದೆಂಬುದು ಪುರಾತನರಿಗೂ ತಿಳಿದಿದ್ದಿತು. ಆದರೆ ಎಲ್ಲಿಯೋ ಬೆಳೆದ ಗಿಡದ ರಸಕ್ಕೆ ಮನುಷ್ಯನ ಮಿದುಳು ಏಕೆ ಮಣಿಯಬೇಕು? 1973ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕ್ಯಾಂಡೇಸ್ ಪರ್ಟ್, ಸಾಲೊಮನ್ ಸ್ನೈಡರ್ ಎಂಬವರು, ಆ ರಸವು ಬಂದು ಕೂಡತಕ್ಕ ಗ್ರಾಹಕಸ್ಥಾನಗಳು ಮಿದುಳಿನಲ್ಲಿಯೇ ಇರುವುದನ್ನು ತೋರಿಸಿದರು. ಬೀಗವಿದ್ದ ಮೇಲೆ ಕೀಲಿಕೈಯೂ ಮನೆಯೊಳಗೇ ಇರಬೇಕಲ್ಲವೆ? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್, ಹ್ಯಾನ್ಸ್ ಕೋಸ್ಟರ್ಲಿಟ್ಜ್ ಎಂಬವರು ಹಂದಿಯ ಮಿದುಳಿನಿಂದ ಅದನ್ನು ಬೇರ್ಪಡಿಸಿದರು. ಐದೇ ಅಮೈನೋ ಆಮ್ಲಗಳನ್ನು ಪೋಣಿಸಿದ ಕಿರುಸರ. ತುದಿಯ ಮಣಿಯೊಂದರಲ್ಲಿ ಮಾತ್ರ ಬೇರೆಯಾದ ಎರಡು ಬಗೆ. ಅದಕ್ಕೆ ‘ತಲೆಯೊಳಗಿನದು’ ಎಂಬರ್ಥದ ಗ್ರೀಕ್ ಮಾತಿನಿಂದ ಎನ್ಕೆಫಲಿನ್ ಎಂದು ಹೆಸರಾಯಿತು. ತರುವಾಯ 31 ಮಣಿಗಳ ಬೀಟಾ-ಎಂಡಾರ್ಫಿನ್ ಮೊದಲಾದವು ತಿಳಿದುಬಂದವು. ಇವೆಲ್ಲವೂ ಸುಖಕರವೆಂದು ಭಾವಿಸಕೂಡದು. ಡೈನಾರ್ಫಿನ್ ಎಂಬುದು ಮನಸ್ಸಿಗೆ ಕಳವಳವನ್ನೇ ತರತಕ್ಕದ್ದು.

ಅಫೀಮಿನ ಪ್ರಭಾವವನ್ನು ತಡೆಯುವ ನಲೋಕ್ಸೋನ್ ಎಂಬ ಔಷಧವುಂಟು. ಅದು ಬೀಗದ ಬಾಯಲ್ಲಿ ಸಿಕ್ಕಿಸಿದ ಕಡ್ಡಿಯಂತೆ. ತಾನೂ ತೆರೆಯದು, ಕೀಲಿಕೈಯನ್ನೂ ಒಳಗೆ ಬಿಡದು. ಇದನ್ನು ಕೊಟ್ಟೊಡನೆ ನೋವು ಮರಳಿದರೆ, ಅದುವರೆಗೆ ಅದನ್ನು ಅಡಗಿಸಿದ್ದುದು ದೇಹದ ಸ್ವಂತ ಅಫೀಮೆಂದು ಊಹಿಸಬಹುದು. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆ ನನ್ನನ್ನು ಬಹಳವಾಗಿ ಕಾಡಿತು. ವಿಯೆಟ್ನಾಂ ಯುದ್ಧದ ಭೀತಿಯು ಮನೋವ್ಯಾಧಿಯಾಗಿ ಉಳಿದಿದ್ದ ಎಂಟು ಮಂದಿ ಮಾಜಿ ಸೈನಿಕರಿಗೂ, ಆ ವ್ಯಾಧಿಯಿಲ್ಲದ ಬೇರೆ ಎಂಟು ಮಂದಿಗೂ ಕಾಳಗದ ಚಲಚ್ಚಿತ್ರವೊಂದನ್ನು ತೋರಿಸಿ, ಬಿಸಿ ತಾಕಿಸಿ, ನೋವೆಷ್ಟೆಂದು ಕೇಳಿದರು. ವ್ಯಾಧಿಗ್ರಸ್ತರಿಗೆ ನೋವು ನೂರಕ್ಕೆ ಮೂವತ್ತರಷ್ಟು ಕುಗ್ಗಿದ್ದಿತು. ನಲೋಕ್ಸೋನ್ ಕೊಟ್ಟ ದಿನ ಕುಗ್ಗಲಿಲ್ಲ. ಗುಂಡೂ ಇಲ್ಲ, ಶತ್ರುವೂ ಇಲ್ಲ. ಹಳೆಯ ಭೀತಿಯ ನೆನಪೊಂದೇ ಅವರ ಮೈಯನ್ನು ಮರಗಟ್ಟಿಸಿತು.

ಇದನ್ನು ತಿತಿಕ್ಷೆಯೆನ್ನಬಹುದೆ? ಅವರು ನೋವನ್ನು ಗೆಲ್ಲಲಿಲ್ಲ. ಗೆಲ್ಲಬೇಕಾದುದೇ ಅವರನ್ನು ಪೂರ್ತಿಯಾಗಿ ತಲುಪಲಿಲ್ಲ. ತಮ್ಮ ಮೈಯನ್ನು ತಾವೇ ಕೊಯ್ದುಕೊಳ್ಳುವ ಎಳೆಯರಲ್ಲಿ ಕೆಲವರು, ಹಾಗೆ ಮಾಡಿದಾಗ ಮನಸ್ಸಿನ ಉರಿ ಶಮನವಾಗುವುದೆಂದು ಹೇಳುತ್ತಾರೆ. ಅಲ್ಲಿಯೂ ಈ ದ್ರವ್ಯಗಳ ಕೈವಾಡವಿರಬಹುದೆಂದು ವೈದ್ಯರು ಶೋಧಿಸುತ್ತಿರುವರು. ಅಂತಹ ಮಗಳನ್ನು ‘ಹಟಮಾರಿ’ ಎಂದು ಗದರುವ ತಾಯ್ತಂದೆಗಳು ಇದನ್ನು ಅರಿತಿದ್ದರೆ, ಗದರುವ ಮುನ್ನ ವೈದ್ಯರ ಬಳಿಗೆ ಕರೆದೊಯ್ಯುತ್ತಿದ್ದರೇನೋ.

ಹಾಗೆಂದು ಮನೋರೋಗಗಳಿಗೆಲ್ಲ ಇದೇ ಮೂಲವೆಂದು ಹಾರಿಬೀಳಲಾಗದು. 1977ರಲ್ಲಿ ಅಮೆರಿಕದಲ್ಲಿ ಕೆಲವರು ಸ್ಕಿಜೋಫ್ರೀನಿಯ ರೋಗಿಗಳ ರಕ್ತವನ್ನು ಡಯಾಲಿಸಿಸ್ ಯಂತ್ರದಿಂದ ಶೋಧಿಸಿ, ಗುಣ ಕಂಡಿತೆಂದರು. ವಿಕೃತವಾದ ಎಂಡಾರ್ಫಿನ್ ತೊಳೆದುಹೋಗುವುದೇ ಕಾರಣವೆಂಬ ಮಾತೂ ಹುಟ್ಟಿತು. ನಿಜವಾದ ಶೋಧನೆ ಯಾರಿಗೆ, ತೋರಿಕೆಯದು ಯಾರಿಗೆ ಎಂಬುದನ್ನು ಮರೆಮಾಡಿ ನಡೆಸಿದ, 1983ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪ್ರಯೋಜನವೇನೂ ತೋರಲಿಲ್ಲ. ಹೊಸ ಶಾಸ್ತ್ರದ ಉತ್ಸಾಹವೂ ಒಂದು ಬಗೆಯ ಅಮಲೇ ಸರಿ.

ಇಲ್ಲಿ ವಾಚಕರು ಆಕ್ಷೇಪಿಸಬಹುದು: ಸಹನೆಯೂ ಮೊಂಡತನವೂ ರಸಗಳ ಆಟವಾದರೆ ಗುಣದೋಷವಿಚಾರವೇ ಬಿದ್ದುಹೋಗದೆ? ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವನಿಗೆ ಈ ಭಯವಿರಲಾಗದು. ಮಡಕೆಗೆ ಮಣ್ಣು ಕಾರಣವೆಂದ ಮಾತ್ರಕ್ಕೆ ಕುಂಬಾರನು ಕಾರಣವಲ್ಲವೆಂದಾಗದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದು, 1978ರಲ್ಲಿ ಪ್ರಕಟವಾದ ಪರೀಕ್ಷೆಯೊಂದುಂಟು. ಔಷಧವೆಂದು ನಂಬಿ ಸತ್ತ್ವವಿಲ್ಲದ ಚುಚ್ಚುಮದ್ದನ್ನು ಪಡೆದವರಲ್ಲಿ ಕೆಲವರಿಗೆ ನೋವು ತಗ್ಗಿತು. ಬಳಿಕ ನಲೋಕ್ಸೋನ್ ಕೊಡಲು ಅವರ ನೋವು ಹೆಚ್ಚಿತು. ಭರವಸೆಯೆಲ್ಲ ಈ ಒಂದೇ ದಾರಿಯಲ್ಲಿ ಸಾಗದೆಂದು ಮುಂದಿನ ಪರೀಕ್ಷೆಗಳು ತೋರಿಸಿವೆ. ಆದರೂ ಒಂದು ನಂಬಿಕೆಯು ಮಿದುಳಿನ ಉಗ್ರಾಣವನ್ನು ತೆರೆಯಿಸಬಲ್ಲುದೆಂಬುದು ಇಲ್ಲಿ ಸ್ಪಷ್ಟ. ಆದಕಾರಣ ದ್ರವ್ಯವು ಮಣ್ಣಾದರೆ ವೈದ್ಯನ ಮಾತೂ, ತಾಯಿಯ ಕೈಯೂ, ಉಪಾಧ್ಯಾಯನ ಬೆತ್ತವೂ ನಿಮಿತ್ತಕಾರಣಗಳು. ಗುಣದೋಷವಿಚಾರವು ಬಿದ್ದುಹೋಗುವುದಿಲ್ಲ, ಸಹಿಸಿದವನ ಕಡೆಯಿಂದ ಎದ್ದು, ಸಹಿಸುವಂತೆ ಮಾಡಿದವನ ಎದುರಿಗೆ ಬಂದು ಕೂಡುವುದು.

ಉಪಾಧ್ಯಾಯನಾಗಿದ್ದಾಗ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಎಷ್ಟು ಹೊಡೆದರೂ ಅವನ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ಎಲ್ಲಿಯೋ ನೋಡುತ್ತ ಕೈ ಚಾಚಿ ನಿಂತಿರುತ್ತಿದ್ದನು. ಅದನ್ನು ಮೊಂಡತನವೆಂದೆಣಿಸಿ ಎರಡೇಟು ಹೆಚ್ಚು ಕೊಟ್ಟದ್ದುಂಟು. ಅವನ ಮನೆಯಲ್ಲಿ ರಾತ್ರಿ ಏನು ನಡೆಯುತ್ತಿದ್ದಿತೆಂದು ನಾನು ಒಂದು ದಿನವೂ ಕೇಳಲಿಲ್ಲ.